ಸೀಲು ಅರ್ಧ, ಬಿಲ್ಲು ಪೂರಾ!

ಮಾದಿಹಳ್ಳಿಯ ಹಳೇ ಬೆಂಜ್ ಲಾರಿ ಕಲಿಸಿದ ಪಾಠ

ಬೇಲೂರು ತಾಲೂಕಿನ ಮಾದಿಹಳ್ಳಿಯಲ್ಲಿ ಬಸ್ಸಿಗೆ ಕಾಯುವವರಿಗೆ ಆ ಮಚ್ಚೆ ಚೆನ್ನಾಗಿ ಗೊತ್ತು. ಅಂಗಡಿ ಮುಂದೆ, ನೆಲದ ಮೇಲೆ, ಊಟದ ತಟ್ಟೆಯಷ್ಟು ಅಗಲಕ್ಕೆ ಕರ್ರಗೆ ಎಣ್ಣೆ. ಅಂಗಡಿಯವರು ಬೆಳಿಗ್ಗೆ ಬಾಗಿಲು ತೆಗೆದು ಕಸ ಹೊಡೆದು ಅದರ ಮೇಲೆ ಒಂದು ಬೊಗಸೆ ಬೂದಿ ಸುರಿಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಪಕ್ಕದಲ್ಲೇ ಇನ್ನೊಂದು ಮಚ್ಚೆ ಸಿದ್ಧ. ಗಿರಾಕಿಗಳು ಅದನ್ನು ತುಳಿದು ಒಳಗೆ ಬಂದು, ಸಕ್ಕರೆ ಮೂಟೆ ತನಕ ಕಾಲಿನ ಅಚ್ಚು ಮೂಡಿಸುತ್ತಾರೆ.

"ನೋಡಿ ಸ್ವಾಮಿ, ಪೇಪರಿಗೆ ಏನೇನೋ ಬರೀತೀರಿ, ಇದನ್ನೊಂದು ಬರೀರಿ" ಎಂದು ಅಂಗಡಿಯವರು ನನ್ನನ್ನು ಹಿಡಿದು ನಿಲ್ಲಿಸಿದರು. ಹಾಗೆ ಶುರುವಾಯಿತು ಈ ಕತೆ.

ಮಚ್ಚೆಯ ಯಜಮಾನ ಒಂದು ಲಾರಿ. ಅಂತಿಂಥ ಲಾರಿಯಲ್ಲ. ಮುಂದೆ ಮೂಗು ಚಾಚಿಕೊಂಡ ಅರವತ್ತರ ದಶಕದ ಟಾಟಾ ಮರ್ಸಿಡಿಸ್-ಬೆಂಜ್. ಈಗಿನ ಹುಡುಗರು ಅದರ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅದರ ಒಡೆಯರಿಗೆ ಮಾತ್ರ ಅದು ಷೋಕಿಯ ವಸ್ತುವಲ್ಲ. ತಂದೆ ಕೊಂಡ ಗಾಡಿ. ಇವತ್ತಿಗೂ ತೋಟದ ಕಾಯಿ ತುಂಬಿಕೊಂಡು ಅರಸೀಕೆರೆ ಕಡೆಗೆ ಹೋಗುತ್ತದೆ, ಬರುವಾಗ ಹಿಂಡಿಯೋ ಗೊಬ್ಬರವೋ ಹೇರಿಕೊಂಡು ಬರುತ್ತದೆ.

ಮೂರು ಮೂಲೆಯ ನಕ್ಷತ್ರ

ಹೊಸಬರಿಗಾಗಿ ಎರಡು ಮಾತು. ಜಮ್‌ಶೆಡ್‌ಪುರದ ಟೆಲ್ಕೋ ಕಂಪನಿ 1945ರಲ್ಲಿ ಹುಟ್ಟಿದ್ದು ರೈಲು ಎಂಜಿನ್ ಮಾಡಲಿಕ್ಕೆ. ಅದು ಲಾರಿ ಕೆಲಸಕ್ಕೆ ಕೈ ಹಾಕಿದ್ದು 1954ರಲ್ಲಿ, ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು. ಆ ಒಪ್ಪಂದ 1969ರಲ್ಲಿ ಮುಗಿಯಿತು. ಆಮೇಲಿನ ಲಾರಿಗಳ ಮೂಗಿನ ಮೇಲೆ ಬೆಂಜಿನ ಮೂರು ಮೂಲೆಯ ನಕ್ಷತ್ರ ಬರಲಿಲ್ಲ. ಟೆಲ್ಕೋ ಹೆಸರು 2003ರಲ್ಲಿ ಟಾಟಾ ಮೋಟಾರ್ಸ್ ಆಯಿತು. ಆದರೆ ನಮ್ಮ ಕಡೆಯ ಹಳಬರ ಬಾಯಲ್ಲಿ ಆ ಲಾರಿ ಇಂದಿಗೂ "ಬೆಂಜು".

ಹಾಸನದಿಂದ ಮಂಗಳೂರಿಗೆ ರೈಲು ಓಡಲು ಶುರುವಾಗಿದ್ದು 1979ರಲ್ಲಿ. ಅದಕ್ಕೆ ಮೊದಲು ಘಟ್ಟದ ಕೆಳಗಿನಿಂದ ಹೆಂಚು, ಉಪ್ಪು, ಮೀನು ಮೇಲೆ ಬರಬೇಕಾದರೂ, ಮೇಲಿನ ಕಾಫಿ, ಆಲೂಗೆಡ್ಡೆ ಕೆಳಗೆ ಇಳಿಯಬೇಕಾದರೂ ಲಾರಿಯೇ ಗತಿ. ಶಿರಾಡಿ, ಚಾರ್ಮಾಡಿ ಘಟ್ಟದಲ್ಲಿ ಏದುಸಿರು ಬಿಟ್ಟುಕೊಂಡು ಹತ್ತಿದ ಆ ಕಾಲದ ಗಾಡಿಗಳಲ್ಲಿ ಉಳಿದಿರುವುದು ಬೆರಳೆಣಿಕೆ. ಮಿಕ್ಕವೆಲ್ಲ ಗುಜರಿಗೆ ಹೋಗಿ ಕಂಬಿಯಾಗಿವೆ.

ಏರಿನಲ್ಲಿ ಆದದ್ದು

ಎಣ್ಣೆ ಸೋರುವುದನ್ನು ಗೌಡರು (ಲಾರಿ ಒಡೆಯರನ್ನು ಹಾಗೆಂದೇ ಕರೆಯೋಣ) ದೊಡ್ಡ ಮಾತಾಗಿ ಎಣಿಸಿರಲಿಲ್ಲ. "ಹಳೇ ಎಂಜಿನ್ನು, ಒಂದೆರಡು ತೊಟ್ಟು ಬೀಳ್ತದೆ, ಬುಡಿ" ಎನ್ನುತ್ತಿದ್ದರು. ಬೆಳಿಗ್ಗೆ ಡಿಪ್ ಸ್ಟಿಕ್ ನೋಡುವುದು, ಅರ್ಧ ಲೀಟರ್ ಸುರಿಯುವುದು, ಹೊರಡುವುದು.

ಒಂದು ದಿನ ಲೋಡು ತುಂಬಿದ ಲಾರಿ ಒಂದು ಏರಿನ ನಡುವೆ ಕೈ ಕೊಟ್ಟಿತು. ಆಕ್ಸಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಕ್ಲಚ್ ಜಾರುತ್ತಿದೆ! ಗಾಡಿ ಹಿಂದಕ್ಕೆ ಸರಿಯತೊಡಗಿತು. ಹಿಂದೆ ಬರುತ್ತಿದ್ದುದು ಶಾಲೆ ಬಿಟ್ಟ ಹೊತ್ತಿನ ಬಸ್ಸು. ಬಸ್ಸಿನ ಡ್ರೈವರು ಜಾಣ, ದೂರ ಇಟ್ಟುಕೊಂಡಿದ್ದರು. ಕ್ಲೀನರ್ ಹುಡುಗ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಯಾರಿಗೂ ಏನೂ ಆಗಲಿಲ್ಲ. ಗೌಡರು ಮಾತ್ರ ಅವತ್ತು ಮನೆಗೆ ಹೋಗಿ ಊಟ ಮಾಡಲಿಲ್ಲವಂತೆ.

ಎಣ್ಣೆ ಸೋರಿದರೆ ಕ್ಲಚ್ ಯಾಕೆ ಜಾರಬೇಕು? ಬಹಳ ಜನಕ್ಕೆ ಇದು ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ.

ಸೀಲು ಅಂದರೆ ಏನು?

ಮೇಸ್ತ್ರಿ ನನಗೆ ಹೇಳಿಕೊಟ್ಟದ್ದನ್ನು ಹಾಗೇ ಇಲ್ಲಿ ಇಳಿಸುತ್ತೇನೆ. ಎಂಜಿನ್ನಿನ ಹೊಟ್ಟೆಯಲ್ಲಿ ಉದ್ದಕ್ಕೆ ಒಂದು ಡೊಂಕು ಷಾಫ್ಟು. ಅದೇ ಕ್ರ್ಯಾಂಕ್. ಆರು ಪಿಸ್ಟನ್ ಮೇಲಿಂದ ತುಳಿಯುತ್ತವೆ, ಇದು ತಿರುಗುತ್ತದೆ. ನಾವು ಸೈಕಲ್ ಪೆಡಲ್ ತುಳಿದ ಹಾಗೆ. ಇದರ ಎರಡು ತುದಿಯೂ ಎಂಜಿನ್ನಿನಿಂದ ಹೊರಕ್ಕೆ ಬರಬೇಕು. ಮುಂದಿನ ತುದಿಯಲ್ಲಿ ಬೆಲ್ಟ್ ಓಡಿಸುವ ಪುಲ್ಲಿ. ಹಿಂದಿನ ತುದಿಯಲ್ಲಿ ಭಾರಿ ಫ್ಲೈವೀಲು, ಅದಕ್ಕೆ ಒತ್ತಿಕೊಂಡು ಕ್ಲಚ್ ಪ್ಲೇಟು, ಅದರ ಹಿಂದೆ ಗೇರ್ ಬಾಕ್ಸು.

ಒಳಗೆ ಎಣ್ಣೆ ಚಿಮ್ಮುತ್ತಿರಬೇಕು, ಷಾಫ್ಟು ತಿರುಗುತ್ತ ಹೊರಗೆ ಬರಬೇಕು, ಆದರೆ ಎಣ್ಣೆ ಹೊರಗೆ ಬರಬಾರದು. ಆ ಬಾಗಿಲು ಕಾಯುವ ಕಾವಲುಗಾರನೇ ಆಯಿಲ್ ಸೀಲು.

ಈಗಿನ ಎಂಜಿನ್ನುಗಳಲ್ಲಿ ಅದು ರಬ್ಬರಿನ ಬಳೆ. ಒಳ ಅಂಚಿನಲ್ಲಿ ತೆಳ್ಳನೆ ತುಟಿ, ತುಟಿಯ ಹಿಂದೆ ಕೂದಲಿನಂಥ ಸ್ಪ್ರಿಂಗು. ತುಟಿ ಷಾಫ್ಟನ್ನು ಹಗುರಾಗಿ ಹಿಡಿದು ಎಣ್ಣೆ ತಡೆಯುತ್ತದೆ. ಹಳೆಯ ಲಾರಿಗಳ ಹಿಂದಿನ ತುದಿಯಲ್ಲಿ ಬಳೆ ಇಲ್ಲ, ಹಗ್ಗ! ಗ್ರ್ಯಾಫೈಟ್ ಸವರಿದ ಹೆಣೆದ ಹಗ್ಗದ ಎರಡು ತುಂಡು. ಒಂದು ತುಂಡು ಷಾಫ್ಟಿನ ಮೇಲ್ಗಡೆ ಎಂಜಿನ್ ಬ್ಲಾಕಿನ ಗಾಡಿಯೊಳಗೆ, ಇನ್ನೊಂದು ಕೆಳಗಡೆ ಬಿಚ್ಚಿ ತೆಗೆಯುವ ಭಾಗದಲ್ಲಿ. ಎರಡೂ ಸೇರಿ ಒಂದು ಉಂಗುರ.

ಈ ಉಂಗುರ ಸವೆದರೆ ಎಣ್ಣೆ ನೇರ ಫ್ಲೈವೀಲಿನ ಕಡೆ. ಫ್ಲೈವೀಲು ತಿರುಗುವ ರಭಸಕ್ಕೆ ಅದನ್ನು ಸುತ್ತಲೂ ಎರಚುತ್ತದೆ, ಕ್ಲಚ್ ಪ್ಲೇಟಿಗೂ ತಗಲುತ್ತದೆ. ಕ್ಲಚ್ ಕೆಲಸ ಮಾಡುವುದೇ ಒಣ ಉಜ್ಜಾಟದ ಮೇಲೆ. ಅದಕ್ಕೆ ಎಣ್ಣೆ ಬಿದ್ದರೆ ಸೋಪಿನ ಕೈಯಲ್ಲಿ ಬಿಂದಿಗೆ ಹಿಡಿದ ಹಾಗೆ. ಖಾಲಿ ಗಾಡಿಯಲ್ಲಿ ಗೊತ್ತಾಗುವುದಿಲ್ಲ. ಲೋಡು, ಏರು ಎರಡೂ ಕೂಡಿದ ದಿನ ಗೊತ್ತಾಗುತ್ತದೆ.

ಇನ್ನು ಲೆಕ್ಕ ಕೇಳಿ. ಸುಮಾರು ಇಪ್ಪತ್ತು ತೊಟ್ಟಿಗೆ ಒಂದು ಮಿಲಿ ಲೀಟರ್. ಸೆಕೆಂಡಿಗೆ ಒಂದು ತೊಟ್ಟು ಬಿದ್ದರೆ ಗಂಟೆಗೆ 180 ಮಿಲಿ. ಐದೂವರೆ ಗಂಟೆ ಓಡಿದರೆ ಒಂದು ಲೀಟರ್ ರಸ್ತೆಗೆ ಅಭಿಷೇಕ! ಅದು ಅಂಗಡಿ ಮುಂದೆ ಮಾತ್ರ ಬೀಳುವುದಿಲ್ಲ. ತಿರುವಿನಲ್ಲೂ ಬೀಳುತ್ತದೆ. ಮೊದಲ ಮಳೆ ಹನಿ ಬಿದ್ದು ಎಣ್ಣೆ ಮೇಲೆ ತೇಲಿದಾಗ ಅಲ್ಲಿ ಜಾರಿ ಬೀಳುವವರು ಸ್ಕೂಟರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬರುವ ನಮ್ಮ ನಿಮ್ಮಂಥವರು.

"ಹೋದ ವರ್ಷ ತಾನೇ ಹಾಕ್ಸಿದ್ದೆ!"

ಗೌಡರು ಲಾರಿಯನ್ನು ಮೇಸ್ತ್ರಿಯ ಷೆಡ್ಡಿಗೆ ತಂದಾಗ ನಾನೂ ಹೋದೆ. ಅರವತ್ತು ದಾಟಿದ ಮೇಸ್ತ್ರಿ. ಓದಿದ್ದು ಎಷ್ಟೆಂದು ಕೇಳಿದರೆ ನಗುತ್ತಾರೆ.

"ಸೀಲು ಹೋದ ವರ್ಷ ತಾನೇ ಹಾಕ್ಸಿದ್ದೆ ಮೇಸ್ತ್ರಿ. ಗೇರ್ ಬಾಕ್ಸ್ ಇಳಿಸಿದ್ರು, ನಾನೇ ನೋಡಿದೀನಿ. ಪೂರಾ ದುಡ್ಡು ಕೊಟ್ಟಿದೀನಿ" ಅಂದರು ಗೌಡರು. ಕೆಲಸ ಮಾಡಿಸಿದ್ದು ದೂರದ ಊರಿನ ಒಂದು ವರ್ಕ್‌ಷಾಪಿನಲ್ಲಿ. ಅದರ ಹೆಸರು ಇಲ್ಲಿ ಬೇಡ.

ಮೇಸ್ತ್ರಿ ತಕ್ಷಣ ಸ್ಪ್ಯಾನರ್ ಹಿಡಿಯಲಿಲ್ಲ. ಮೊದಲು ಹುಡುಗನಿಂದ ಎಂಜಿನ್ನಿನ ಕೆಳಗೆಲ್ಲ ಡೀಸೆಲ್ ಹಾಕಿ ತೊಳೆಸಿ, ಒರೆಸಿ ಒಣಗಿಸಿ, ಮುಖಕ್ಕೆ ಹಾಕುವ ಪೌಡರ್ ಊದಿಸಿದರು. ಎಂಜಿನ್ ಹತ್ತು ನಿಮಿಷ ಓಡಿತು. ಬಿಳೀ ಪೌಡರಿನ ಮೇಲೆ ಕರೀ ಗೆರೆ ಎಲ್ಲಿಂದ ಇಳಿಯುತ್ತದೋ ಅಲ್ಲೇ ಕಳ್ಳ! ಮೇಲಿನ ಟ್ಯಾಪೆಟ್ ಕವರಿನಿಂದ ಸೋರಿದ ಎಣ್ಣೆಯೂ ಹಿಂಭಾಗದಲ್ಲಿ ಇಳಿದು ಸೀಲಿನ ತಲೆಗೆ ಬರುವುದುಂಟು. ಬರೀ ಹತ್ತು ನಿಮಿಷದ ಗ್ಯಾಸ್ಕೆಟ್ ಕೆಲಸಕ್ಕೆ ಗೇರ್ ಬಾಕ್ಸ್ ಇಳಿಸಿ ದುಡ್ಡು ಕಿತ್ತವರೂ ಇದ್ದಾರಂತೆ.

ಇಲ್ಲಿ ಹಾಗಲ್ಲ. ಎಣ್ಣೆ ಇಳಿಯುತ್ತಿದ್ದುದು ಕ್ಲಚ್ ಹೌಸಿಂಗಿನ ಅಡಿಯ ತೂತಿನಿಂದ. ಮೇಸ್ತ್ರಿ ಒಂದು ತೊಟ್ಟು ಬೆರಳಿಗೆ ಹಚ್ಚಿ ಮೂಸಿದರು. "ಗೇರ್ ಎಣ್ಣೆ ಆದ್ರೆ ಗಂಧಕದ ಘಾಟು ಬರ್ತದೆ. ಇದು ಕರ್ರಗೆ ಐತೆ, ಎಂಜಿನ್ನಿಂದು. ಹಿಂದಿನ ಸೀಲೇ."

ಆಮೇಲೆ ಎಣ್ಣೆ ಸುರಿಯುವ ಮುಚ್ಚಳ ತೆಗೆದು, ಎಂಜಿನ್ ಓಡುತ್ತಿರುವಾಗಲೇ ಅಂಗೈ ಅಡ್ಡ ಹಿಡಿದರು. ಹಬೆ ಗಟ್ಟಿಯಾಗಿ ಒತ್ತುತ್ತಿತ್ತು. "ಒಳಗೆ ಉಸಿರು ಕಟ್ಟೈತೆ" ಎಂದರು. ಪಿಸ್ಟನ್ ರಿಂಗಿನ ಸಂದಿನಿಂದ ಸ್ವಲ್ಪ ಹೊಗೆ ಎಂಜಿನ್ನಿನ ಹೊಟ್ಟೆಗೆ ಇಳಿಯುವುದು ಎಲ್ಲ ಎಂಜಿನ್ನಿನ ಗುಣ. ಅದು ಹೊರಗೆ ಹೋಗಲೆಂದೇ ಬ್ರೀದರ್ ಎಂಬ ಉಸಿರು ಕೊಳವೆ ಇರುತ್ತದೆ. ಅದು ಕಟ್ಟಿದರೆ ಒಳಗಿನ ಒತ್ತಡ ಎಣ್ಣೆಯನ್ನು ಸೀಲಿನ ಸಂದಿನಿಂದ ಹೊರಕ್ಕೆ ನೂಕುತ್ತದೆ. ಎಂಥ ಹೊಸ ಸೀಲೂ ಅದರ ಮುಂದೆ ನಿಲ್ಲುವುದಿಲ್ಲ.

ಕೊಳವೆ ಬಿಚ್ಚಿದರು. ಒಳಗೆ ಏನಿತ್ತು ಅಂತೀರಿ? ಕಡಜ ಕಟ್ಟಿದ ಮಣ್ಣಿನ ಗೂಡು! ಮಳೆಗಾಲದಲ್ಲಿ ಲಾರಿ ಎರಡು ತಿಂಗಳು ತೋಟದ ಮನೆ ಮುಂದೆ ನಿಂತಿತ್ತು. ಕಡಜಕ್ಕೆ ಬಾಡಿಗೆ ಇಲ್ಲದ ಮನೆ ಸಿಕ್ಕಿತ್ತು.

ಕಾಣದ ಅರ್ಧ

ಮಾರನೇ ದಿನ ಗೇರ್ ಬಾಕ್ಸ್ ಇಳಿಯಿತು. ಪ್ರೆಷರ್ ಪ್ಲೇಟು, ಕ್ಲಚ್ ಪ್ಲೇಟು ಹೊರಗೆ ಬಂದವು. ಕ್ಲಚ್ ಪ್ಲೇಟು ಬಾಂಡಲಿಯಿಂದ ತೆಗೆದ ಹಪ್ಪಳದ ಹಾಗೆ ಎಣ್ಣೆ ಹೀರಿಕೊಂಡಿತ್ತು. "ಪೆಟ್ರೋಲಲ್ಲಿ ತೊಳೆದು ಹಾಕಿಬಿಡಿ" ಅಂದರು ಗೌಡರು. ಮೇಸ್ತ್ರಿ ಒಪ್ಪಲಿಲ್ಲ. "ತೊಳೆದ್ರೆ ಮೇಲಿಂದು ಹೋಯ್ತದೆ ಗೌಡ್ರೇ. ಬಿಸಿ ಆದಾಗ ಒಳಗಿಂದು ಮತ್ತೆ ಬೆವರ್ತದೆ. ಆ ಏರು ಮರೆತೋಯ್ತಾ?" ಗೌಡರು ಸುಮ್ಮನಾದರು.

ಫ್ಲೈವೀಲು ಬಿಚ್ಚಿ, ಕೆಳಗೆ ಚೇಂಬರ್ ಇಳಿಸಿ, ಸೀಲಿನ ಕೆಳಗಿನ ಅರ್ಧ ತೆಗೆದರು. ಹಗ್ಗ ಸುಮಾರಾಗಿ ಹೊಸದೇ. ಗೌಡರ ಮುಖ ಅರಳಿತು. "ನಾ ಹೇಳ್ಲಿಲ್ವಾ?"

ಮೇಸ್ತ್ರಿ ಟಾರ್ಚ್ ಹಾಕಿ ಮೇಲಿನ ಅರ್ಧ ನೋಡಿದರು. ನನ್ನನ್ನೂ ಕೆಳಗೆ ಮಲಗಿಸಿ ತೋರಿಸಿದರು. ಬ್ಲಾಕಿನ ಗಾಡಿಯಲ್ಲಿದ್ದ ಹಗ್ಗ ಸುಟ್ಟ ಇದ್ದಿಲಿನ ಹಾಗೆ. ಮೊನೆ ತಾಗಿಸಿದರೆ ಪುಡಿ ಪುಡಿ. ಎಷ್ಟು ವರ್ಷದ್ದೋ!

ಆಗ ಅರ್ಥವಾಯಿತು. ಕೆಳಗಿನ ಅರ್ಧ ಕೈಗೆ ಸಿಗುತ್ತದೆ. ಮೇಲಿನ ಅರ್ಧವನ್ನು ಸರಿಯಾಗಿ ಕೂರಿಸಬೇಕಾದರೆ ಎಂಜಿನ್ ಇಳಿಸಿ, ತಲೆಕೆಳಗು ಮಾಡಿ, ಕ್ರ್ಯಾಂಕನ್ನೇ ಎತ್ತಿ ಹೊರಗೆ ಇಡಬೇಕು. ಅದು ಎರಡು ಮೂರು ದಿನದ ಹೆಚ್ಚಿನ ಕೆಲಸ. ಹಿಂದಿನವರು ಕಾಣುವ ಅರ್ಧ ಬದಲಾಯಿಸಿ, ಕಾಣದ ಅರ್ಧ ಬಿಟ್ಟು, ಬಿಲ್ಲನ್ನು ಮಾತ್ರ ಪೂರಾ ಮಾಡಿದ್ದರು.

ಗೌಡರು ಟೈರಿನ ಮೇಲೆ ಕೂತುಬಿಟ್ಟರು. ಹಗ್ಗದ ಬೆಲೆ ನೂರರ ಲೆಕ್ಕ, ಕೂಲಿ ಸಾವಿರದ ಲೆಕ್ಕ. ಇದರ ಮೇಲೆ ಹೊಸ ಕ್ಲಚ್ ಪ್ಲೇಟು. ಎಂಟು ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷ ವರ್ಷ ಎಫ್.ಸಿ. ಬೇರೆ ಆಗಬೇಕು. ಮಗ ಪಕ್ಕದಲ್ಲೇ ನಿಂತಿದ್ದ. "ಅಪ್ಪಾ, ಗುಜರಿಗೆ ಕೊಟ್ಟುಬಿಡಾನ. ಕೇಜಿ ಲೆಕ್ಕದಲ್ಲಾದ್ರೂ ದುಡ್ಡು ಬರ್ತದೆ." ಗೌಡರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಎದ್ದು ಪಂಚೆ ಕೊಡವಿ, "ಮಾಡಿ ಮೇಸ್ತ್ರಿ. ಆದ್ರೆ ಈ ಸಲ ಪೂರಾ ಮಾಡಿ" ಅಂದರು.

ನಾಲ್ಕು ದಿನದ ಕೆಲಸ

ಕಬ್ಬಿಣದ ಮುಕ್ಕಾಲಿ, ಚೈನ್ ಪುಲ್ಲಿ. ಎಂಜಿನ್ ಎದ್ದು ಬಂದು ಮರದ ದಿಮ್ಮಿಗಳ ಮೇಲೆ ಕೂತಿತು. ಬೇರಿಂಗಿನ ಕ್ಯಾಪುಗಳನ್ನು ಬಿಚ್ಚುವ ಮೊದಲು ಒಂದೊಂದಕ್ಕೂ ಪಂಚಿನಿಂದ ಗುರುತು, ಯಾವುದರ ಜಾಗಕ್ಕೆ ಅದೇ ಹೋಗಬೇಕು. ಟೈಮಿಂಗ್ ಗೇರಿಗೂ ಗುರುತು.

ಹಳೆಯ ಹಗ್ಗ ತೆಗೆಯುವಾಗ ಹುಡುಗ ಗಾಳಿ ಪೈಪು ಹಿಡಿದು ಊದಲು ಬಂದ. ಮೇಸ್ತ್ರಿ ಗದರಿದರು. ಹಳೆಯ ಕಾಲದ ಸೀಲ್ ಹಗ್ಗದಲ್ಲಿ, ಕ್ಲಚ್ ಲೈನಿಂಗಿನಲ್ಲಿ ಕಲ್ನಾರು ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಇಳಿದರೆ ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ತರಬಲ್ಲದು. ಆದ್ದರಿಂದ ಒದ್ದೆ ಮಾಡಿ ಕೆರೆಯಬೇಕು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಚೀಲದಲ್ಲಿ ಕಟ್ಟಿ ಇಡಬೇಕು, ಊದಬಾರದು. ಗ್ಯಾರೇಜಿನ ಹುಡುಗರಿಗೆ ಇದನ್ನು ಹೇಳುವವರು ಕಡಿಮೆ. ಈಗ ಸಿಗುವ ಕಲ್ನಾರಿಲ್ಲದ ಹಗ್ಗವನ್ನೇ ಕೇಳಿ ತರಬೇಕು.

ಕ್ರ್ಯಾಂಕಿನ ಮೇಲೆ ಸೀಲು ಕೂರುವ ಜಾಗವನ್ನು ಮೇಸ್ತ್ರಿ ಉಗುರಿನಿಂದ ಸವರಿ ನೋಡಿದರು. "ಹಳೇಬೀಡಿನ ಗುಡೀಲಿ ಕಂಬ ನೋಡಿದೀರಲ್ಲ, ಹಂಗೆ ಉರುಟಾಗಿ ನುಣ್ಣಗಿರಬೇಕು. ಉಗುರಿಗೆ ಗೆರೆ ಸಿಕ್ತು ಅಂದ್ರೆ ಹೊಸ ಸೀಲು ಹಾಕೂ ದಂಡ." ಮೈಕ್ರೋಮೀಟರಿನಲ್ಲಿ ಅಳೆದೂ ನೋಡಿದರು. ಬೇರಿಂಗು ಸವೆದು ಷಾಫ್ಟು ಅಲುಗಾಡುತ್ತಿದ್ದರೂ ಸೀಲು ನಿಲ್ಲುವುದಿಲ್ಲ. ಪುಣ್ಯಕ್ಕೆ ಎರಡೂ ಸರಿಯಿದ್ದವು.

ಹೊಸ ಹಗ್ಗ ರಾತ್ರಿಯೆಲ್ಲ ಎಂಜಿನ್ ಎಣ್ಣೆಯಲ್ಲಿ ನೆನೆದಿತ್ತು. ಬೆಳಿಗ್ಗೆ ಅದನ್ನು ಗಾಡಿಯಲ್ಲಿಟ್ಟು, ಉರುಟಾದ ನುಣುಪು ಮರದ ತುಂಡಿನಿಂದ ಎರಡೂ ತುದಿಯಿಂದ ನಡುವಿಗೆ ಒತ್ತಿ ಒತ್ತಿ ಉಜ್ಜಿದರು, ಚಪಾತಿ ಲಟ್ಟಿಸಿದಂತೆ. ತುದಿಗಳನ್ನು ಹರಿತ ಬ್ಲೇಡಿನಲ್ಲಿ ಕೊಯ್ದರು. ಆದರೆ ಸಮಕ್ಕೆ ಅಲ್ಲ, ಸುಮಾರು ಅರ್ಧ ಮಿಲಿಮೀಟರ್ ಹೊರಗೆ ಉಳಿಸಿ. ಮೇಲಿನದೂ ಕೆಳಗಿನದೂ ಮುಖಾಮುಖಿ ಒತ್ತಿಕೊಂಡು ಸಂದು ಮುಚ್ಚಬೇಕಲ್ಲ! ಕ್ಯಾಪುಗಳನ್ನು ಟಾರ್ಕ್ ಸ್ಪ್ಯಾನರಿನಿಂದ ಅಳತೆಗೆ ಬಿಗಿದು ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿದರು. ಸ್ವಲ್ಪ ಬಿಗಿ, ಆದರೆ ಎಲ್ಲೂ ಹಿಡಿಯಲಿಲ್ಲ.

ಎಂಜಿನ್ ಇಳಿದೇ ಇದ್ದುದರಿಂದ ಮುಂದಿನ ಸೀಲೂ ಬದಲಾಯಿತು. ಅದು ತುಟಿಯ ಬಳೆ. ತುಟಿ ಎಣ್ಣೆಯ ಕಡೆ ಮುಖ ಮಾಡಬೇಕು, ತಿರುಗಾಮುರುಗಾ ಹಾಕಿದರೆ ಅದೇ ದಿನ ಸೋರುತ್ತದೆ. ಪುಲ್ಲಿಯ ಮೇಲೆ ಹಳೆಯ ಸೀಲು ಕೊರೆದ ಗೆರೆ ಇತ್ತು. ಮೇಸ್ತ್ರಿ ಹೊಸದನ್ನು ಎರಡು ಮಿಲಿಮೀಟರ್ ಸರಿಸಿ ಕೂರಿಸಿದರು. ತುಟಿಗೆ ಸವೆಯದ ಜಾಗ ಸಿಕ್ಕಿತು. ಗೆರೆ ಇನ್ನೂ ಆಳವಿದ್ದರೆ ಲೇತಿಗೆ ಕಳಿಸಿ ತೋಳು ಹಾಕಿಸಬೇಕಿತ್ತು.

ಗೇರ್ ಬಾಕ್ಸ್ ಕೂಡಿಸುವಾಗ ಅದರ ಭಾರ ಕ್ಲಚ್ ಪ್ಲೇಟಿನ ಮೇಲೆ ಜೋಲದಂತೆ ಕೆಳಗೆ ಜಾಕ್ ಕೊಟ್ಟೇ ಇದ್ದರು. ಜೋಲಿದರೆ ಹೊಸ ಪ್ಲೇಟು ಅಲ್ಲೇ ಬಾಗುತ್ತದೆ. ಬ್ರೀದರ್ ಕೊಳವೆಯ ಬಾಯಿಗೆ ಸಣ್ಣ ತಂತಿ ಜಾಲರಿ ಬಂತು. ಉಸಿರೂ ಆಡಬೇಕು, ಕಡಜವೂ ಬರಬಾರದು.

ಓದುಗರೇ, ಕೇಳಿ ನೋಡಿ

ಎಂಜಿನ್ ಮೊದಲ ಅರ್ಧ ಗಂಟೆ ನಿಧಾನಕ್ಕೆ ಓಡಿತು. ಹುಡುಗ ಕೆಳಗೆ ಹಳೇ ಪೇಪರ್ ಹಾಸಿದ್ದ (ನಮ್ಮದೇ ಪೇಪರು, ಕೆಲಸಕ್ಕೆ ಬಂತು). ಹಗ್ಗದ ಸೀಲು ಹೊಸದರಲ್ಲಿ ಒಂದೆರಡು ತೊಟ್ಟು ಬಿಡುವುದುಂಟು. ಎರಡು ತೊಟ್ಟು ಬಿತ್ತು. ಆಮೇಲೆ ನಿಂತಿತು. ಮೇಸ್ತ್ರಿ ಲೋಡು ಹಾಕಿಸಿ ಅದೇ ಏರಿಗೆ ಕಳಿಸಿದರು. ಬೆಂಜು ನಿಲ್ಲದೆ ಹತ್ತಿತು.

ನಿಮ್ಮದು ಲಾರಿಯೇ ಆಗಬೇಕಿಲ್ಲ. ಟ್ರ್ಯಾಕ್ಟರೋ, ಸರಕಿನ ಆಟೋವೋ, ಅಂಗಡಿಗೆ ಮಾಲು ತರುವ ಸಣ್ಣ ಗಾಡಿಯೋ ಇರಬಹುದು. ಸೀಲು ಹೋಗಿದೆ ಎಂದರೆ ಮೆಕ್ಯಾನಿಕ್ಕನ್ನು ನಾಲ್ಕು ಪ್ರಶ್ನೆ ಕೇಳಿ. ಎಣ್ಣೆ ಎಲ್ಲಿಂದ ಬರುತ್ತಿದೆ ಎಂದು ತೊಳೆದು ನೋಡಿದಿರಾ? ಬ್ರೀದರ್ ಬಿಚ್ಚಿ ನೋಡಿದಿರಾ? ಷಾಫ್ಟಿನ ಮೇಲೆ ಗೆರೆ ಇದೆಯಾ? ತೆಗೆದ ಹಳೆಯ ಸೀಲು ಎಲ್ಲಿ, ಪೂರಾ ತೋರಿಸಿ. ಈ ಕೊನೆಯದನ್ನು ಮರೆಯಬೇಡಿ. ಹಗ್ಗದ ಸೀಲಾದರೆ ಎರಡು ತುಂಡು ಕೈಗೆ ಬರಬೇಕು. ಒಂದೇ ಬಂದರೆ ಇನ್ನೊಂದು ಒಳಗೇ ಇದೆ ಅಂತ ತಿಳಿಯಿರಿ.

ಹೊರಡುವಾಗ ನಾನು ಮೇಸ್ತ್ರಿಯನ್ನು ಕೇಳಿದೆ: "ಮೇಲಿನ ಅರ್ಧ ಹಾಗೇ ಬಿಟ್ಟಿದ್ದರೂ ಯಾರಿಗೆ ಗೊತ್ತಾಗುತ್ತಿತ್ತು?"

"ಯಾರ್ಗೂ ಗೊತ್ತಾಗ್ತಿರ್ಲಿಲ್ಲ ಸ್ವಾಮಿ. ಆರು ತಿಂಗಳು" ಎಂದು ಕೈ ಒರೆಸಿಕೊಂಡರು. "ಆಮೇಲೆ ಆ ಏರಿಗೆ ಗೊತ್ತಾಗ್ತಿತ್ತು."

ಪಿಯುಸಿ ಅರ್ಧಕ್ಕೇ ಬಿಟ್ಟು ಬಂದವನು ನಾನು. ಸುಮ್ಮನೆ ತಲೆ ಆಡಿಸಿ ಬಸ್ಸು ಹತ್ತಲು ನಡೆದೆ.

ಅಂಗಡಿ ಮುಂದೆ ಲಾರಿ ನಿಂತಿತ್ತು. ಅಂಗಡಿಯವರು ಬೂದಿ ಡಬ್ಬಿ ಹಿಡಿದು ಕಾಯುತ್ತಿದ್ದರು. ಲಾರಿ ಹೊರಟಿತು. ಅವರು ಬಗ್ಗಿ ನೋಡಿದರು. ನೆಲ ಒಣಗಿತ್ತು. "ಪರವಾಗಿಲ್ಲ ಕಣ್ರೀ!" ಎಂದು ಡಬ್ಬಿಯನ್ನು ಒಳಗೆ ಇಟ್ಟರು. ಎಸೆಯಲಿಲ್ಲ. ಬೇರೆ ಲಾರಿಗಳೂ ಬರುತ್ತವಲ್ಲ.